ಗಡಿಯಾರವಲ್ಲದ ಹೃದಯ

ಮೂವತ್ತು ವರ್ಷಕಾಲ ಪಾಠಶಾಲೆಯ ಗಂಟೆಗೆ ತಪ್ಪದೆ ನಡೆದ ಉಪಾಧ್ಯಾಯರೊಬ್ಬರು ವಿಶ್ರಾಂತಿವೇತನ ಪಡೆದ ಮೇಲೆಯೂ ಗಡಿಯಾರದ ಭಕ್ತಿಯನ್ನು ಬಿಟ್ಟವರಲ್ಲ. ಹೃದಯಾಘಾತವೊಂದರಿಂದ ಪಾರಾದ ತರುವಾಯ, ಪ್ರಾತಃಕಾಲದಲ್ಲಿ ಎದ್ದೊಡನೆ ನಾಡಿಯನ್ನೆಣಿಸುವುದು ಅವರಿಗೆ ಸಂಧ್ಯಾವಂದನೆಯಷ್ಟೇ ನಿಯತವಾದ ಕರ್ಮವಾಯಿತು. ಅದು ಲವಮಾತ್ರವೂ ಹೆಚ್ಚುಕಡಿಮೆಯಿಲ್ಲದೆ ಮಿಡಿಯುವುದನ್ನು ಕಂಡು, ತಮ್ಮ ಹೃದಯವೂ ಕಡೆಗೆ ಶಿಸ್ತನ್ನು ಕಲಿಯಿತೆಂದು ಅವರು ಸಂತೋಷಪಡುತ್ತಿದ್ದರು.

ಒಂದು ದಿನ ಕಾಲುಗಳು ಬಾತು, ಮೈ ಸೋತಂತಾಯಿತು. ವೈದ್ಯರು ಹೃದಯದ ವಿದ್ಯುತ್ತನ್ನು ಬರೆದುಕೊಳ್ಳುವ ಚಿಕ್ಕ ಯಂತ್ರವೊಂದನ್ನು 24 ಗಂಟೆಗಳ ಕಾಲ ಎದೆಗೆ ಕಟ್ಟಿಸಿದರು; ವರ್ಷದಿಂದ ಉಪಾಧ್ಯಾಯರು ಮುಂದೂಡುತ್ತ ಬಂದಿದ್ದ ರಕ್ತಪರೀಕ್ಷೆಯನ್ನೂ ಮಾಡಿಸಿದರು. “ಬೇನೆ ಹೃದಯದ್ದು, ಮೂತ್ರಪಿಂಡಗಳ ವಿಚಾರವೇಕೆ?” ಎಂಬುದು ಅವರ ವಾದವಾಗಿದ್ದಿತು.

ವೈದ್ಯರು ಸಾವಧಾನವಾಗಿ ತಿಳಿಸಿದರು. ಆರೋಗ್ಯವಂತನ ಹೃದಯವು ಗಡಿಯಾರವಲ್ಲ. ಉಸಿರನ್ನೆಳೆದಾಗ ತುಸು ತ್ವರೆಗೊಂಡು, ಬಿಟ್ಟಾಗ ತುಸು ನಿಧಾನಿಸುತ್ತದೆ. ಈ ಸೂಕ್ಷ್ಮವಾದ ಏರಿಳಿತವು ಅಡಗುವುದು ಶುಭಲಕ್ಷಣವಲ್ಲ. 1987ರಲ್ಲಿ ಪ್ರಕಟವಾದ ಅಮೆರಿಕದ ಪರಿಶೋಧನೆಯೊಂದರಲ್ಲಿ, ಹೃದಯಾಘಾತದಿಂದ ಉಳಿದ 808 ಮಂದಿಯ ಪೈಕಿ, ಏರಿಳಿತವು ಅತ್ಯಲ್ಪವಾಗಿದ್ದವರಿಗೆ ಮರಣದ ಭಯವು ಹೇರಳವಾಗಿದ್ದವರಿಗಿಂತ ಐದು ಪಟ್ಟಿಗೂ ಮೀರಿದ್ದಿತು. ಇನ್ನು ಮೂತ್ರಪಿಂಡಗಳೋ, ಹೃದಯವು ಹೊರಡಿಸುವ ರಕ್ತದ ಐದನೆಯ ಒಂದು ಪಾಲನ್ನು ಪಡೆದು, ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸತಕ್ಕವು. ಹೃದಯವು ಸೋತರೆ ಅವುಗಳಿಗೆ ರಕ್ತವು ಸಾಲದು. ಆಗ ಅವು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವುವು. ದೇಹವನ್ನು ಎಚ್ಚರಿಸುವ ನರಗಳು ಕೆರಳಿ ಹೃದಯವನ್ನು ಮತ್ತಷ್ಟು ದಣಿಸುವುವು. ನಾಡಿಯ ಏರಿಳಿತವೂ ಕುಗ್ಗುವುದು. ಹೀಗೆ ಒಂದರ ಕಷ್ಟವು ಇನ್ನೊಂದರ ಕಷ್ಟವಾಗುವುದು.

ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದಿತು. ಪೊಟ್ಯಾಸಿಯಂ ಮಿತಿಯನ್ನು ದಾಟತೊಡಗಿದ್ದಿತು. ಅದು ಬಹಳ ಹೆಚ್ಚಿದರೆ ಹೃದಯದ ಗತಿಯೇ ಕೆಟ್ಟು ನಿಂತುಹೋಗಬಹುದು. ದಿನವೂ ಏನು ಸೇವಿಸುತ್ತೀರೆಂದು ವೈದ್ಯರು ಕೇಳಲು, “ಎರಡು ಎಳನೀರು, ತಂಪಿಗೆಂದು ನಾನೇ ಕೊಡುತ್ತೇನೆ” ಎಂದು ಪತ್ನಿಯು ಹೇಳಿದರು. ಎಳನೀರಿನಲ್ಲಿ ಆ ಲವಣವೇ ವಿಶೇಷವೆಂದೂ, ದುರ್ಬಲವಾದ ಮೂತ್ರಪಿಂಡಗಳು ಅದನ್ನು ಹೊರಹಾಕಲಾರವೆಂದೂ ತಿಳಿದಾಗ ಆ ಸಾಧ್ವಿಯ ಮುಖವು ಬಾಡಿತು.

ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಯ ಜಗುಲಿಯ ಮೇಲೆ ಕುಳಿತ ಮೇಲೆ ಆಕೆ ಮೆಲ್ಲನೆ ಕೇಳಿದರು: “ಇಷ್ಟು ದಿನ ವಿಷವನ್ನೇ ಕೊಟ್ಟೆನೆ?”

“ಕೊಟ್ಟ ಕೈಯಲ್ಲಿ ದೋಷವಿಲ್ಲ. ಪಾತ್ರೆಯನ್ನು ಅಳೆದು ನೋಡೆಂದರೆ ಒಲ್ಲೆನೆಂದವನು ನಾನು” ಎಂದರು ಉಪಾಧ್ಯಾಯರು.

ವೈದ್ಯರು ಔಷಧಗಳ ಪ್ರಮಾಣವನ್ನು ಬದಲಿಸಿದರು; ಎಳನೀರು ನಿಂತಿತು; ಉಪ್ಪಿನಕಾಯಿಯ ಭರಣಿಯು ಅಟ್ಟವನ್ನೇರಿತು. ರಕ್ತಪರೀಕ್ಷೆಯ ದಿನವನ್ನು ಆಕೆಯೇ ಪಂಚಾಂಗದಲ್ಲಿ ಗುರುತಿಟ್ಟಳು. ಉಪಾಧ್ಯಾಯರು ಈಗಲೂ ಪ್ರಾತಃಕಾಲದಲ್ಲಿ ನಾಡಿಯನ್ನು ಹಿಡಿಯುತ್ತಾರೆ. ಆದರೆ ಗಡಿಯಾರವನ್ನು ನೋಡುವುದಿಲ್ಲ. ದೀರ್ಘವಾಗಿ ಉಸಿರನ್ನೆಳೆದು, ಬೆರಳ ಕೆಳಗೆ ಮಿಡಿತವು ತುಸುವಾದರೂ ತ್ವರೆಗೊಂಡೀತೇ ಎಂದು ಕಾಯುತ್ತಾರೆ.