ಅಂಗಳದಲ್ಲಿ ಉಳಿದವರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯವರಿಗೆ ಪರಸ್ಥಳವಾಸವೆಂಬುದು ಹೊಸದೇನೂ ಅಲ್ಲ. ಅಜ್ಜನ ಕಾಲಕ್ಕೆ ಮುಂಬಯಿಯ ಹೋಟೆಲು, ಮಗನ ಕಾಲಕ್ಕೆ ಕೊಲ್ಲಿಯ ದೇಶ, ಮೊಮ್ಮಗಳ ಕಾಲಕ್ಕೆ ಜರ್ಮನಿಯೋ ಕೆನಡವೋ. ಊರು ಬಿಡುವುದೂ ಇಲ್ಲಿ ವಂಶಪಾರಂಪರ್ಯವಾಗಿ ಬಂದ ಒಂದು ವೃತ್ತಿಯೆಂದರೆ ತಪ್ಪಾಗದು. ಹೊರಡುವಾಗ ತೋಟವನ್ನು ನಂಬಿಕೆಯವರಿಗೆ ಒಪ್ಪಿಸಬಹುದು, ದನವನ್ನು ಮಾರಬಹುದು, ದೈವದ ಗುಡಿಗೆ ದೀಪವಿಡಲು ದಾಯಾದಿಗಳಲ್ಲಿ ಯಾರಾದರೂ ಸಿಕ್ಕಾರು. ಅಂಗಳದ ಕಾಟು ನಾಯಿಯನ್ನು ಮಾತ್ರ ಕೊಳ್ಳುವವರಿಲ್ಲ, ಕೊಟ್ಟರೂ ಒಯ್ಯುವವರಿಲ್ಲ. ಬೀಗ ಬಿದ್ದ ಮನೆಯ ಜಗಲಿಯಲ್ಲಿ ಅದು ಕೆಲವು ದಿನ ಕಾದು ಕುಳಿತಿರುತ್ತದೆ. ಆಮೇಲೆ ಹಸಿವು ಅದನ್ನು ಪೇಟೆಗೆ ಎಳೆಯುತ್ತದೆ. ಮನೆಯ ಗಂಜಿಯುಂಡು ಬೆಳೆದ ಪ್ರಾಣಿಗೆ ಬೀದಿಯ ರೀತಿ ತಿಳಿಯದು. ಮನುಷ್ಯರ ಕಲ್ಲಿಗಿಂತ ಮೊದಲು ಅಲ್ಲಿಯ ನಾಯಿಗಳ ಹಲ್ಲು ಅದಕ್ಕೆ ತಗಲುತ್ತದೆ. ಘಟ್ಟದ ಬುಡದ ಹಳ್ಳಿಗಳಲ್ಲಾದರೆ ಚಿರತೆಯ ಭಯ ಬೇರೆ.

ಬೆಳ್ತಂಗಡಿಯ ಕಡೆಯ ಒಂದು ಹಳ್ಳಿಯಲ್ಲಿ, ಬಹುಕಾಲ ಕೊಲ್ಲಿಯಲ್ಲಿ ದುಡಿದು ಊರಿಗೆ ಮರಳಿದ ದಂಪತಿಗಳಿದ್ದಾರೆ. ಅವರ ಅಂಗಳದಲ್ಲಿ ಈಗ ಏಳು ನಾಯಿಗಳು. ಮಸ್ಕತ್ತಿಗೆ ಹೋದ ನೆರೆಯವರು ಬಿಟ್ಟ ಬೊಳ್ಳು ಮೊದಲನೆಯದು. ಅದಕ್ಕೆ ಮುಪ್ಪಿನಿಂದ ಎರಡು ಕಣ್ಣೂ ಹೋಗಿವೆ. ಎರಡು ಪಾಣೆಮಂಗಳೂರಿನ ಹಳೆಯ ಸೇತುವೆಯ ಬಳಿ ನೇತ್ರಾವತಿಯ ದಡದಲ್ಲಿ ಸಿಕ್ಕಿದವು. ಮೂರು ಹೆಣ್ಣುಮರಿಗಳು ಬಂದುದು ಮೂಡುಬಿದಿರೆಯಿಂದ, ಬಾಯಿ ಕಟ್ಟಿದ ಗೋಣಿಚೀಲದಲ್ಲಿ. 1430ರ ಸಾವಿರ ಕಂಬದ ಬಸದಿಯನ್ನು ನೋಡಿ ಹಿಂದಿರುಗುವ ದಾರಿಯಲ್ಲಿಯೇ ಮನೆಯಾಕೆ ಆ ಚೀಲದ ಅಲುಗಾಟವನ್ನು ಕಂಡರಂತೆ. ಏಳನೆಯದು ಪೇಟೆಯ ಫ್ಲಾಟಿನಲ್ಲಿ ಬೆಳೆದ ಜಾತಿನಾಯಿ, ಹಾಸಿಗೆಯಿಲ್ಲದೆ ಮಲಗದು.

ನಾಯಿಗೆ ನಮ್ಮ ನಾಡು ಕೊಟ್ಟ ಮರ್ಯಾದೆ ಕಡಮೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೆನೆಯಬಹುದು, ಕ್ರಿ. ಶ. 949–50ರ ಶಾಸನವದು. ತಕ್ಕೋಲದ ಯುದ್ಧದ ಬಳಿಕ ಒಡೆಯನು ಮೆಚ್ಚಿ ಬೇಡಿದುದನ್ನು ಕೊಡಹೊರಟಾಗ, ವೀರ ಮಣಲೇರನು ಕೇಳಿದುದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಕಾಡುಹಂದಿಯೊಡನೆ ಕಾದಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ತಪ್ಪಿಸಿ ಉಂಡವನಿಗೆ ಪಾಪವೆಂದು ಬರೆಸಿದರು. ಅದರ ಮುಂದೆ ನಮ್ಮ ಕಾಯಿದೆಯ ಬೆಲೆಯನ್ನೂ ಇಟ್ಟು ನೋಡಬೇಕು: ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋದವನಿಗೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಬರೆದ ದಂಡ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ.

ಪರದೇಶದವರು ನಮಗಿಂತ ಮೇಲೆಂದು ತಿಳಿಯಬೇಕಾಗಿಲ್ಲ. ಸ್ಪೇನಿನಲ್ಲಿ ಗಾಲ್ಗೊ ಎಂಬ ನೀಳಕಾಲಿನ ಬೇಟೆನಾಯಿಗಳಿವೆ. ಚಳಿಗಾಲದ ಮೊಲದ ಬೇಟೆ ಮುಗಿದು ಫೆಬ್ರವರಿ ಬಂದಿತೆಂದರೆ ಬೇಡವಾದವನ್ನು ಹೊಲದಲ್ಲಿ, ಹೆದ್ದಾರಿಯಲ್ಲಿ ಬಿಡುವ ಚಾಳಿ ಅಲ್ಲಿಯದು. 2023ರಲ್ಲಿ ಜಾರಿಗೆ ಬಂದ ಪ್ರಾಣಿರಕ್ಷಣೆಯ ಹೊಸ ಕಾನೂನು ಕೂಡ ಬೇಟೆನಾಯಿಗಳನ್ನು ಹೊರಗಿಟ್ಟಿತು. ಅಲ್ಲಿಯ ಹಳ್ಳಿಗಳಲ್ಲಿ ನೆಲೆಸಿದ ಇಂಗ್ಲಿಷರು, ಜರ್ಮನರು ಎಷ್ಟೋ ಮಂದಿ ಇಂಥ ಅನಾಥರನ್ನು ಮನೆಗೆ ಸೇರಿಸಿಕೊಂಡಿದ್ದಾರೆ. ಬಿಡುವವನು ಊರಿನವನು, ಎತ್ತಿಕೊಳ್ಳುವವನು ಪರದೇಶಿ!

ಬೆಳ್ತಂಗಡಿಯ ದಂಪತಿಗಳ ಸಂಕಟ ಇದಕ್ಕೆ ತಿರುಗುಮುರುಗು. ಜರ್ಮನಿಯಲ್ಲಿರುವ ಒಬ್ಬಳೇ ಮಗಳು, "ಅಪ್ಪನಿಗೆ ಎದೆನೋವು ಬಂದು ಹೋಗಿದೆ, ಇನ್ನು ನೀವಿಬ್ಬರೇ ಅಲ್ಲಿರುವುದು ಬೇಡ. ಇಲ್ಲಿಗೆ ಬನ್ನಿ" ಎಂದು ಹಟ ಹಿಡಿದಿದ್ದಾಳೆ. ನಾಯಿಗಳನ್ನು ಒಯ್ಯಬಹುದೆ? ಒಯ್ಯಬಹುದು. ಚರ್ಮದಡಿ ಗುರುತಿನ ಚಿಪ್ಪು ಸೇರಿಸಿ, ಹುಚ್ಚುನಾಯಿ ರೋಗದ ಲಸಿಕೆ ಚುಚ್ಚಿಸಬೇಕು. 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಐರೋಪ್ಯ ಒಕ್ಕೂಟವು ಒಪ್ಪಿದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಒಬ್ಬರ ಜೊತೆಗೆ ಐದು ಪ್ರಾಣಿಗಳವರೆಗೆ ಹೋಗಬಹುದಾದ್ದರಿಂದ, ಕಾಗದದ ಲೆಕ್ಕದಲ್ಲಿ ಏಳಕ್ಕೂ ಎಡೆಯುಂಟು. ಆದರೆ ಮಗಳದು ಎರಡು ಕೋಣೆಯ ಮನೆ. ಅಲ್ಲಿಯ ನಗರಸಭೆಗಳು ನಾಯಿಯ ಮೇಲೂ ತೆರಿಗೆ ಹಾಕುತ್ತವೆ. ವಿಮಾನದ ಖರ್ಚನ್ನಂತೂ ಕೇಳುವುದೇ ಬೇಡ. ಹೆಚ್ಚೆಂದರೆ ಒಂದು ಎಂದಿದ್ದಾಳೆ ಮಗಳು.

ಯಾವುದನ್ನು? ಯಜಮಾನರು ಒಂದು ರಾತ್ರಿ ಕಾಗದದ ಮೇಲೆ ಏಳು ಹೆಸರನ್ನೂ ಬರೆದು, ಒಂದನ್ನೂ ಹೊಡೆಯಲಾರದೆ ಮಡಿಸಿಟ್ಟರು. ಕೆಳಗಿನ ಮನೆಯ ಹೆಂಗಸು, "ಅಕ್ಕ, ಮೂರು ಹೆಣ್ಣುಗಳು ನನಗಿರಲಿ. ಮರಿ ಹಾಕದ ಹಾಗೆ ಆಪರೇಶನ್ ಮಾಡಿಸಿ ಕೊಡಿ, ಸಾಕು" ಎಂದಿದ್ದಾಳೆ. ಸೇತುವೆಯ ಬಳಿ ಸಿಕ್ಕಿದ ಜೋಡಿಗೆ ತೋಟದ ಕಾವಲು ಒಪ್ಪಿತು. ಜಾತಿನಾಯಿಯನ್ನು ಕೇಳಿಕೊಂಡು ಪೇಟೆಯಿಂದಲೇ ಇಬ್ಬರು ಬಂದುಹೋದರು. ಬೊಳ್ಳುವನ್ನು ಕೇಳಿದವರು ಯಾರೂ ಇಲ್ಲ.

"ಅಷ್ಟು ದೂರದ ಪ್ರಯಾಣವನ್ನು ಅದು ತಾಳೀತೆ?" ಎಂದು ಮನೆಯಾಕೆ ಕೇಳಿದಾಗ ಯಜಮಾನರು ಉತ್ತರ ಕೊಡಲಿಲ್ಲ. ಮರುದಿನ ರಿಕ್ಷಾ ತರಿಸಿ, ಬೊಳ್ಳುವನ್ನು ಮಡಿಲಲ್ಲಿಟ್ಟುಕೊಂಡು ಪಶುವೈದ್ಯರಲ್ಲಿಗೆ ಹೋಗಿ, ಚಿಪ್ಪನ್ನೂ ಲಸಿಕೆಯನ್ನೂ ಹಾಕಿಸಿ ಬಂದರು. ನಾಲ್ಕು ತಿಂಗಳ ಲೆಕ್ಕ ಅಂದಿನಿಂದ ಆರಂಭವಾಗಿದೆ. ಮಗಳು ವಾರಕ್ಕೆರಡು ಸಲ ಟಿಕೆಟಿನ ಮಾತೆತ್ತುತ್ತಾಳೆ, ಅವರಿನ್ನೂ ತೆಗೆಸಿಲ್ಲ.