ನೀರುಗಂಟಿಯಿಲ್ಲದ ತೂಬು

ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬನ್ನೆತ್ತುವ ಅಧಿಕಾರ ನೀರುಗಂಟಿಗೆ ಮಾತ್ರ ಇತ್ತು. ಅನ್ಯರು ಕೈಯಿಟ್ಟರೆ ಊರೇ ಎದ್ದು ಕೇಳುತ್ತಿತ್ತು. 1974ರಿಂದ ಬೆಂಗಳೂರಿಗೆ ಹರಿದುಬರುತ್ತಿರುವ ಕಾವೇರಿಯಾದರೋ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳೆಂಬ ಮೂರು ಮೆಟ್ಟಿಲುಗಳಲ್ಲಿ ಸುಮಾರು 500 ಮೀಟರ್ ಮೇಲೇರಿ ಚಾಮರಾಜಪೇಟೆಯ ನಲ್ಲಿಯನ್ನು ಮುಟ್ಟಬೇಕು. ಇಂತಹ ಬೃಹದ್ವ್ಯವಸ್ಥೆಗಳ ಪಂಪು, ಕವಾಟಗಳನ್ನು ದೂರದ ಕೊಠಡಿಯಲ್ಲಿ ಕುಳಿತು ಗಣಕಯಂತ್ರದಿಂದ ನಡೆಸುವ ಪದ್ಧತಿ ಇಂದು ಲೋಕದಲ್ಲೆಲ್ಲ ರೂಢವಾಗಿದೆ. ಈ ತೂಬುಗಳನ್ನು ಕಾಯುವವರಾರು?

ಕಾರ್ಖಾನೆಯೊಂದರಲ್ಲಿ ಇದೇ ಕಾವಲಿನ ಹೊಣೆ ಹೊತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ. "ಗುರುಗಳೇ, 1979ರಲ್ಲಿ ಹುಟ್ಟಿದ ಮೋಡ್‌ಬಸ್ ಎಂಬ ಯಂತ್ರಭಾಷೆ ಇಂದಿಗೂ ಬಳಕೆಯಲ್ಲಿದೆ. ಅದರ ಮೂಲರೂಪದಲ್ಲಿ ಕ್ರಿಯಾಪದವಿದೆ, ಕರ್ಮಪದವಿದೆ, ಕರ್ತೃಪದವಿಲ್ಲ. 'ಕವಾಟವನ್ನು ತೆರೆ' ಎಂದರೆ ಯಂತ್ರ ತೆರೆಯುತ್ತದೆ, ಹೇಳಿದವರು ಯಾರೆಂದು ಕೇಳುವುದಿಲ್ಲ" ಎಂದನು. ವಿಧ್ಯರ್ಥದಲ್ಲಿ ತೆರೆಯುವ ಯಂತ್ರವೇ ಕರ್ತೃ. ಅವನು ಹೇಳಬಯಸಿದ್ದು ಪ್ರೇರಕನನ್ನು. ಕಲಿಸಿದ ವ್ಯಾಕರಣ ಇಷ್ಟಾದರೂ ಉಳಿದಿದೆಯಲ್ಲ ಎಂದು ಸಂತೋಷಪಟ್ಟು ನಾನು ತಿದ್ದಲಿಲ್ಲ. ಬರುವ ಆಜ್ಞೆಗಳನ್ನೆಲ್ಲ ದಾಖಲಿಸಿ, ಎಂದೂ ನುಡಿಯದವನು ನುಡಿದರೆ, ಅವೇಳೆಯಲ್ಲಿ ಆಜ್ಞೆ ಬಂದರೆ, ಅದನ್ನು ಹಿಡಿದು ವಿಚಾರಿಸುವುದೇ ಅವನ ಕಾಯಕ.

2000ನೆಯ ಇಸವಿಯಲ್ಲಿ ಆಸ್ಟ್ರೇಲಿಯದ ಮರೂಚಿ ಪ್ರಾಂತದಲ್ಲಿ ಕೊಳಚೆನೀರಿನ ಪಂಪುಗಳು ಅಕಾರಣವಾಗಿ ನಿಲ್ಲತೊಡಗಿದವು. ಎಲ್ಲರೂ ಮೊದಲು ಯಂತ್ರದೋಷವೆಂದೇ ಬಗೆದರು. ಸಂಕೇತಗಳನ್ನು ಪರೀಕ್ಷಿಸುತ್ತಿದ್ದ ಎಂಜಿನಿಯರೊಬ್ಬನಿಗೆ 14ನೆಯ ಪಂಪುಮನೆಯ ಹೆಸರಿನಲ್ಲಿ ಬರುತ್ತಿದ್ದ ಸಂದೇಶಗಳ ಮೇಲೆ ಶಂಕೆ ಹುಟ್ಟಿತು. ಸ್ಥಳಕ್ಕೇ ಹೋಗಿ ನೋಡಿದ, ಯಂತ್ರ ಸರಿಯಾಗಿತ್ತು. ಅದರ ಸಂಖ್ಯೆಯನ್ನು 3 ಎಂದು ಬದಲಿಸಿ ಬಂದ. ಅನಂತರವೂ 14ರ ಹೆಸರಿನಲ್ಲಿಯೇ ಮಾತು ಬಂದಿತು! ಅಲ್ಲಿ ಕೆಲಸ ದೊರೆಯದೆ ಕುಪಿತನಾದವನೊಬ್ಬ ರೇಡಿಯೋ ಮೂಲಕ ಆಜ್ಞೆಗಳನ್ನು ಕಳುಹಿಸುತ್ತಿದ್ದನು. ಅವನ ಕೃತ್ಯದಿಂದ ಸುಮಾರು 8 ಲಕ್ಷ ಲೀಟರ್ ಕೊಳಚೆ ಹೊಳೆ, ಉದ್ಯಾನಗಳನ್ನು ಸೇರಿತು. ಹೆಸರು ಬದಲಿಸಿ ಕಳ್ಳನನ್ನು ಹಿಡಿದ ಆ ಎಂಜಿನಿಯರನ ಯುಕ್ತಿಗೆ ನಾನು ತಲೆದೂಗುತ್ತೇನೆ.

2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ಟಿನ ಕಥೆ ಇನ್ನೂ ಘೋರವಾದುದು. ಇರಾನಿನ ನತಾನ್ಸ್‌ನಲ್ಲಿ ಅದು ಯಂತ್ರಗಳನ್ನು ಕೆಡಿಸುತ್ತಲೇ, ಮೊದಲೇ ಸಂಗ್ರಹಿಸಿಟ್ಟ ಸ್ವಸ್ಥ ಅಳತೆಗಳನ್ನು ಮರಳಿ ಮರಳಿ ತೋರಿಸಿ ಕಾವಲಿನವರನ್ನು ವಂಚಿಸಿತು.

ಆದುದರಿಂದ ನನ್ನ ಶಿಷ್ಯನು ಗಂಟೆಗೊಮ್ಮೆ ನೌಕರನೊಬ್ಬನನ್ನು ಯಂತ್ರದ ಬಳಿಗೇ ಕಳುಹಿಸಿ, ಮಾಪಕದ ಮುಳ್ಳು ತೋರಿಸುವುದನ್ನು ಪುಸ್ತಕದಲ್ಲಿ ಬರೆಸುತ್ತಾನೆ. ಪರದೆಯ ಅಂಕಿಗೂ ಪುಸ್ತಕದ ಅಂಕಿಗೂ ಹೊಂದದಿದ್ದರೆ ಯಂತ್ರವನ್ನು ನಿಲ್ಲಿಸುವ ಅಧಿಕಾರ ಆ ನೌಕರನಿಗುಂಟು. ವೃಥಾ ವೆಚ್ಚವೆಂದು ಮೇಲಿನವರು ಎರಡು ಬಾರಿ ಆಕ್ಷೇಪಿಸಿದರಂತೆ. ಪುಸ್ತಕ ಇನ್ನೂ ನಡೆದಿದೆ.