ಕಾಳಾ ಗೋಡಾ

ಅಪ್ಪನನ್ನು ಬೈಕುಲಾದ ಮ್ಯೂಸಿಯಮ್ಮಿಗೆ ಕರೆದೊಯ್ದದ್ದರಲ್ಲಿ ನನ್ನದೊಂದು ಸ್ವಾರ್ಥವಿತ್ತು. ಮುಲುಂಡಿನ ನಮ್ಮ ಕಟ್ಟಡವನ್ನು ಕೆಡವಿ ಹೊಸದು ಕಟ್ಟಲು 24 ಮನೆಗಳವರ ಒಪ್ಪಿಗೆ ಬೇಕು. 23 ಸಹಿ ಬಿದ್ದಿವೆ. ಬೀಳದಿರುವುದು ಅಪ್ಪನದು. ಬೇಡ ಅಂತಲೂ ಅನ್ನುವುದಿಲ್ಲ, ಪೆನ್ನೂ ಹಿಡಿಯುವುದಿಲ್ಲ. ಅಮ್ಮನಿಗೆ ಲಿಫ್ಟ್ ಬೇಕು. ಮೂರನೇ ಮಾಳಿಗೆ ಹತ್ತಿ ಇಳಿದು ಅವಳ ಮೊಣಕಾಲು ಸವೆದಿದೆ. ಮನೆಯಲ್ಲಿ ಈ ಮಾತು ಎತ್ತಿದರೆ ಅಪ್ಪ ಟಿ.ವಿ. ದನಿ ಏರಿಸುತ್ತಾರೆ. ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳೋಣ ಅಂದುಕೊಂಡೆ.

ಮ್ಯೂಸಿಯಮ್ಮೇ ಯಾಕೆ ಅಂದರೆ, ನನಗೆ ಅಲ್ಲಿ ಸ್ವಲ್ಪ ಕೆಲಸವಿತ್ತು. ಅನುವಾದಕರಿಗೆ ಇದೊಂದು ಚಟ. ಮರಾಠಿ, ಇಂಗ್ಲಿಷ್ ಎರಡರಲ್ಲೂ ಫಲಕ ಇರುವ ಕಡೆ ನಾನು ವಸ್ತುವನ್ನು ನೋಡುವುದು ಆಮೇಲೆ, ಮೊದಲು ಒಂದು ಭಾಷೆ ಏನನ್ನು ಬಿಟ್ಟಿದೆ ಅಂತ ಹುಡುಕುತ್ತೇನೆ.

ಡಾ. ಭಾವೂ ದಾಜಿ ಲಾಡ್ ಮ್ಯೂಸಿಯಂ ಮುಂಬಯಿಯ ಅತಿ ಹಳೆಯ ವಸ್ತುಸಂಗ್ರಹಾಲಯ. ಮೊದಲ ಸಂಗ್ರಹ ಕೋಟೆಯ ಬ್ಯಾರಕ್ಕಿನಲ್ಲಿತ್ತು. 1857ರ ದಂಗೆಯ ಹೊತ್ತಿಗೆ ಸೈನಿಕರಿಗೆ ಜಾಗ ಬೇಕಾಯಿತು, ಸಾಮಾನೆಲ್ಲ ಹಾಳಾಯಿತು. ಮತ್ತೆ ಕೂಡಿಸಿ, ಚಂದಾ ಎತ್ತಿ, ಬೈಕುಲಾದಲ್ಲಿ ಕಟ್ಟಡ ಎಬ್ಬಿಸಿ 1872ರಲ್ಲಿ ಬಾಗಿಲು ತೆರೆದರು. ಆಗ ಹೆಸರು ವಿಕ್ಟೋರಿಯಾ ಅಂಡ್ ಆಲ್ಬರ್ಟ್. ಅದಕ್ಕಾಗಿ ದುಡಿದ ವೈದ್ಯ, ಶಾಸನಗಳನ್ನು ಓದುತ್ತಿದ್ದ ಭಾವೂ ದಾಜಿಯ ಹೆಸರು ಬಂದದ್ದು 1975ರಲ್ಲಿ. ಪಕ್ಕದ ಉದ್ಯಾನಕ್ಕೂ ಈಗ ಜಿಜಾಮಾತೆಯ ಹೆಸರು. ಆದರೆ ಬೈಕುಲಾ ಸ್ಟೇಷನ್ನಿನ ಹೊರಗೆ ಯಾರನ್ನು ಕೇಳಿದರೂ ‘ರಾಣಿ ಬಾಗ್’ ಎಂದೇ ಕೈ ತೋರಿಸುತ್ತಾರೆ.

ಒಳಗೆ ಎರಕದ ಕಬ್ಬಿಣದ ಕಂಬಗಳು, ಚಿನ್ನದ ಲೇಪ, ಹಸಿರು ಗೋಡೆ. ನಡುವೆ ಆಲ್ಬರ್ಟ್ ರಾಜಕುಮಾರನ ಅಮೃತಶಿಲೆಯ ಪ್ರತಿಮೆ. ಕೊಟ್ಟವರು ಬಗ್ದಾದಿನಿಂದ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್. ಹಾಗಾಗಿ ಅದರ ಬುಡದಲ್ಲಿ ಹೀಬ್ರೂ ಅಕ್ಷರಗಳೂ ಇವೆ. ಅಪ್ಪ ಅದನ್ನು ದಾಟಿ ನೇರ ಮೇಲಿನ ಅಂತಸ್ತಿಗೆ ನಡೆದರು.

ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಮಣ್ಣಿನ ಬೊಂಬೆಗಳು. ಮುಂಬಯಿಯ ಜನ: ಜಾತಿಗೊಂದು, ಕಸುಬಿಗೊಂದು. ಒಂದು ಕಡೆ ಬರೀ ತಲೆಗಳು, ಒಂದೊಂದಕ್ಕೂ ಬೇರೆ ಬೇರೆ ಪೇಟ. ಕೆಲಸ ಬಹಳ ಸೂಕ್ಷ್ಮ, ನೆರಿಗೆ ನೆರಿಗೆಯೂ ಕಾಣುತ್ತದೆ. ಯಾವನದೋ ಮುಖ ನೋಡಿಯೇ ಮಾಡಿದ್ದಿರಬೇಕು ಅನ್ನಿಸುವಷ್ಟು ನಿಜ. ಆದರೆ ಫಲಕದಲ್ಲಿ ಇರುವುದು ಜಾತಿ, ಕಸುಬು ಅಷ್ಟೆ. ಅಪ್ಪ ಪ್ರತಿ ಪೆಟ್ಟಿಗೆಯ ಮುಂದೂ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಕೊನೆಗೆ ಕೇಳಿದರು, “ನಮ್ಮ ಬಾಹರ್‌ವಾಲಾ ಎಲ್ಲಿದ್ದ?”

ಹೋಟೆಲಿನ ಭಾಷೆ ಗೊತ್ತಿಲ್ಲದವರಿಗೆ: ಟೇಬಲ್ಲಿಗೆ ಫಡ್ಕಾ ಹೊಡೆಯುವ ಹುಡುಗ ಬಾರ್ಕ್ಯಾ. ಆಫೀಸು, ಅಂಗಡಿಗಳಿಗೆ ಚಹಾ ಒಯ್ಯುವವನು ಬಾಹರ್‌ವಾಲಾ. ಈ ಶಬ್ದಗಳು ಯಾವ ಕನ್ನಡ ಕೋಶದಲ್ಲಾದರೂ ಇರಬೇಕಿತ್ತು. ಕುಂದಾಪುರದ ಕಡೆಯ ಎಷ್ಟು ಸಾವಿರ ಹುಡುಗರ ಮೊದಲ ಹುದ್ದೆ ಅವು! ಅಪ್ಪ ಐದನೇ ಕ್ಲಾಸು ಮುಗಿಸಿ 1963ರಲ್ಲಿ ಬಂದವರು. ಫೋರ್ಟಿನ ಹೋಟೆಲಿನಲ್ಲಿ ಹಗಲು ಬಾಹರ್‌ವಾಲಾ, ರಾತ್ರಿ ಶಾಲೆಯಲ್ಲಿ ಆರನೇ ಕ್ಲಾಸು.

ಬಾಹರ್‌ವಾಲಾ ಅಲ್ಲಿರಲಿಲ್ಲ. ಆ ಬೊಂಬೆಗಳು ಬಹುಪಾಲು ಅವರಿಗಿಂತ ಹಿಂದಿನ ತಲೆಮಾರಿನವು ಎಂದು ನಾನು ವಿವರಿಸಿದೆ. ಅಪ್ಪ ತಲೆಯಾಡಿಸಿದರು. ಸಹಿಯ ಮಾತು ಎತ್ತಲು ಇದು ಸರಿಯಾದ ಹೊತ್ತಲ್ಲ ಎನಿಸಿತು.

ಹೊರಗೆ ಘಾರಾಪುರಿಯ ಕಲ್ಲಾನೆ ಇದೆ, ದ್ವೀಪಕ್ಕೆ ‘ಎಲಿಫೆಂಟಾ’ ಎಂಬ ಹೆಸರು ಬರಲು ಕಾರಣವಾದದ್ದು. 1864ರಲ್ಲಿ ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನು ಮುರಿದು ಆನೆ ಚೂರಾಯಿತು, 1914ರಲ್ಲಿ ಜೋಡಿಸಿದರು. ನಾನು ಈ ಕತೆ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಅಪ್ಪ ಪಕ್ಕದಲ್ಲಿಲ್ಲ.

ಉದ್ಯಾನದೊಳಗೆ, ಕಪ್ಪು ಕುದುರೆಯ ಪ್ರತಿಮೆಯ ಕೆಳಗೆ ಸಿಕ್ಕಿದರು. ಕತ್ತೆತ್ತಿ ನಿಂತಿದ್ದರು.

“ಇದ್ ಇಲ್ಲಿತ್ತಾ!”

ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಅಂದರೆ ಇದೆ ಎಂದೇ ಅರ್ಥ. ಎಂ.ಎ. ಓದುವಾಗ ಇದರ ಮೇಲೆ ನಾನೊಂದು ಪ್ರಬಂಧ ಬರೆದಿದ್ದೆ, ಅಪ್ಪನ ಮಾತನ್ನೇ ಉದಾಹರಣೆಗೆ ಹಾಕಿ. ಆದರೆ ಅವರು ಹೇಳಿದ ಈ ಕತೆಯನ್ನು ಅದುವರೆಗೆ ಕೇಳಿರಲಿಲ್ಲ.

ಹೋಟೆಲಿಗೆ ಬಂದ ಮೊದಲ ವಾರ ಧಣಿ ಹೇಳಿಕೊಟ್ಟಿದ್ದರಂತೆ, ದಾರಿ ತಪ್ಪಿದರೆ ‘ಕಾಳಾ ಘೋಡಾ’ ಅಂತ ಕೇಳು, ಅಲ್ಲಿಂದ ನಮ್ಮ ಗಲ್ಲಿ ಕಾಣುತ್ತದೆ ಎಂದು. ಹಿಂದಿ ಇಲ್ಲ, ಮರಾಠಿ ಇಲ್ಲ, ಹನ್ನೊಂದು ವರ್ಷದ ಹುಡುಗ. ಅವನ ಕಿವಿಗೆ ಬಿದ್ದದ್ದು ‘ಕಾಳಾ ಗೋಡಾ’. ಗೋಡಾ ಅಂದರೆ ಗೋಡೆಯೇ ಇರಬೇಕು, ಮುಂಬಯಿಯವರು ಬಾಲ ಎಳೆದು ಹೇಳುತ್ತಾರೆ ಎಂದುಕೊಂಡ. ನಾಲ್ಕನೇ ದಿನ ದಾರಿ ತಪ್ಪಿತು. ಖಾಲಿ ಗ್ಲಾಸುಗಳ ಸ್ಟ್ಯಾಂಡು ಹಿಡಿದು ಮಳೆಯಲ್ಲಿ ಕಪ್ಪು ಗೋಡೆ ಹುಡುಕಿದ. ಫೋರ್ಟಿನಲ್ಲಿ ಮಳೆಗಾಲಕ್ಕೆ ಎಲ್ಲ ಗೋಡೆಯೂ ಕಪ್ಪೇ. ಕೇಳಿದವರೆಲ್ಲ ಕೈ ತೋರಿಸಿದ ಕಡೆ ಹೋದ. ಕೊನೆಗೆ ಅಳುತ್ತಾ ಕುದುರೆಯ ಬುಡದಲ್ಲೇ ನಿಂತು ಒಬ್ಬರನ್ನು ಕೇಳಿದನಂತೆ, “ಕಾಳಾ ಗೋಡಾ?” ಆ ಮನುಷ್ಯ ನಕ್ಕು ಮೇಲೆ ಬೆರಳು ತೋರಿಸಿದ.

“ಒಂದ್ ದಿನ ಹೋಪತಿಗೆ ಕುದ್ರೆ ಇಲ್ಲೆ,” ಅಂದರು ಅಪ್ಪ. ಅದು 1965. ಊರಿನ ಬ್ರಿಟಿಷ್ ಪ್ರತಿಮೆಗಳನ್ನು ತೆಗೆಯುತ್ತಿದ್ದ ಕಾಲ. ಕುದುರೆ ಹೋದ ಜಾಗದಲ್ಲಿ ಕಾರು ನಿಲ್ಲತೊಡಗಿದವು. ಎಲ್ಲಿಗೆ ಹೋಯಿತು ಎಂದು ಹುಡುಗ ಯಾರನ್ನು ಕೇಳಬೇಕು?

ಕುದುರೆಯ ಮೇಲಿರುವವನು ಏಳನೇ ಎಡ್ವರ್ಡ್, ಒಳಗೆ ನಿಂತ ಆಲ್ಬರ್ಟನ ಮಗ, ಆಗಿನ್ನೂ ಯುವರಾಜ. ಅವನ 1875ರ ಭೇಟಿಯ ನೆನಪಿಗೆ 1879ರಲ್ಲಿ ಇದನ್ನು ಊರಿಗೆ ಕೊಟ್ಟದ್ದು ಡೇವಿಡ್ ಸಸೂನರ ಮಗ. ಅಪ್ಪ ಕೊಟ್ಟದ್ದು ಅಪ್ಪನ ಪ್ರತಿಮೆ, ಮಗ ಕೊಟ್ಟದ್ದು ಮಗನದು. ಇಷ್ಟೆಲ್ಲ ಇದ್ದರೂ ಜನ ಹೆಸರಿಟ್ಟದ್ದು ಕುದುರೆಗೆ. 2017ರಲ್ಲಿ ಆ ಪ್ರದೇಶಕ್ಕೆ ಮತ್ತೆ ಒಂದು ಕುದುರೆ ತಂದು ನಿಲ್ಲಿಸಿದಾಗ ಅದರ ಮೇಲೆ ಸವಾರನೇ ಇಲ್ಲ. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಮತ್ತೊಮ್ಮೆ ಕತ್ತೆತ್ತಿ ನೋಡಿ, “ಮೇಲೊಬ್ಬ ಕೂತದ್ದ್ ನಂಗ್ ನೆನಪೇ ಇಲ್ಲೆ,” ಅಂದರು.

ವಾಪಸು ಬರುವಾಗ ರೈಲಿನಲ್ಲಿ ಸೀಟು ಸಿಕ್ಕಿತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು, “ಹೊಸ ಬಿಲ್ಡಿಂಗಿಗೆ ಎಂತ ಹೆಸ್ರ್ ಇಡ್ತ್ರ್ ಅಂಬ್ರ್?” ಮೊಬೈಲಿನಲ್ಲಿದ್ದ ಬಣ್ಣದ ಚಿತ್ರ ತೋರಿಸಿದೆ. ಯಾವುದೋ ಇಟಲಿಯ ಊರಿನ ಹಾಗಿದ್ದ ಹೆಸರು. ಎರಡು ಸಲ ಉಚ್ಚರಿಸಿ ನೋಡಿದರು, ಎರಡು ಸಲವೂ ಬೇರೆ ಬೇರೆ ಬಂತು. “ಊರಿಂದ ಬಂದವ್ರ್ ಎಂತ ಅಂದ್ ಕೇಣುದ್?” ಅಂದರು. ಅವರ ತಕರಾರು ಇದು ಎಂದು ನನಗೆ ತಿಳಿದದ್ದು ಆಗ. ಇಷ್ಟು ದಿನ ನಾನು ಚದರಡಿಯ ಲೆಕ್ಕ ಹೇಳುತ್ತಿದ್ದೆ.

ಉತ್ತರ ನನ್ನ ಬಳಿ ಇರಲಿಲ್ಲ. ಭಾಂಡುಪ್ ದಾಟಿತು.

ಮುಲುಂಡಿನಲ್ಲಿ ಇಳಿದು ರಿಕ್ಷಾ ಹಿಡಿದೆವು. ಚಾಲಕ ಇಪ್ಪತ್ತರ ಹುಡುಗ, ಎಲ್ಲಿಗೆ ಎಂದ. “ಚಕ್ಕಿ ಕೆ ಪಾಸ್,” ಅಂದರು ಅಪ್ಪ ಎಂದಿನಂತೆ. ನಮ್ಮ ಗಲ್ಲಿಯ ಹಿಟ್ಟಿನ ಗಿರಣಿ ಮುಚ್ಚಿ ಹದಿನೈದು ವರ್ಷವಾಯಿತು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಹುಡುಗ ಮೀಟರ್ ಹಾಕಿ ಹೊರಟ.